ಎಪ್ಪತ್ತನಾಲ್ಕನೆಯ ಸಾಲು

ಹೊಸ ನೋಟ್‌ಬುಕ್ಕಿನ ವಾಸನೆ ಎಲ್ಲರಿಗೂ ಇಷ್ಟವಂತೆ. ಶಾಲೆ ಶುರುವಾಗುವ ಹೊತ್ತಿಗೆ ಮಗಳನ್ನು ಜಯನಗರದ ಪುಸ್ತಕದಂಗಡಿಗೆ ಕರೆದುಕೊಂಡು ಹೋದರೆ ಅವಳು ಒಂದೊಂದನ್ನೂ ಬಿಡಿಸಿ ಮೂಗಿಗೆ ಹಿಡಿಯುತ್ತಾಳೆ. ನಾನು ಮಾತ್ರ ಆ ಅಂಟಿನ, ಕಾಗದದ ವಾಸನೆ ಬಂದರೆ ಇವತ್ತಿಗೂ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ಹೊಸ ನೋಟ್‌ಬುಕ್ ಬಂತೆಂದರೆ ಯಾರೋ ತಪ್ಪು ಮಾಡಿದ್ದಾರೆ ಎಂದೇ ಅರ್ಥ.

ಆಗ ನಾವಿದ್ದದ್ದು ಬನಶಂಕರಿಯಲ್ಲಿ, ಕೆಂಪು ಗಾರೆ ನೆಲದ ಮನೆಯಲ್ಲಿ. ತೊಂಬತ್ತರ ದಶಕ. ಅಪ್ಪನ ಅಮ್ಮ, ಅಂದರೆ ನಮ್ಮ ಅಜ್ಜಿ, ಮಕ್ಕಳಿಗೆ ಹೊಡೆದವರಲ್ಲ, ಬೈದವರೂ ಅಲ್ಲ. ಬರೆಸುತ್ತಿದ್ದರು. ಸುಳ್ಳು ಹೇಳಿದರೆ ಸತ್ಯದ ಶ್ಲೋಕ, ತಟ್ಟೆ ತಳ್ಳಿದರೆ ಅನ್ನದ ಶ್ಲೋಕ, ಕೈ ಎತ್ತಿದರೆ ಸಿಟ್ಟಿನ ಶ್ಲೋಕ. ಯಾವುದಾದರೂ ನೂರೆಂಟು ಸಲ. ಎರಡು ಏಟು ಕೊಟ್ಟು ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆವು ಎಂದು ತಮ್ಮ ರಘು ಈಗಲೂ ಹೇಳುತ್ತಾನೆ. ತಪ್ಪಾದರೆ ಗೀಟು ಹಾಕುವಂತಿಲ್ಲ, ರಬ್ಬರ್ ಮುಟ್ಟುವಂತಿಲ್ಲ, ಹಾಳೆ ಹರಿಯುವುದಂತೂ ಮಹಾಪಾಪ. "ದೇವರ ಮಾತಿನ ಪುಸ್ತಕದಲ್ಲಿ ಏನೂ ಅಳಿಸ್ಬಾರ್ದು ಪುಟ್ಟಿ. ಬಿಟ್ಟೋಗಿರೋ ಅಕ್ಷರ ಸೇರಿಸ್ಬೇಕು ಅಷ್ಟೆ. ಇದ್ರಲ್ಲಿ ಬರೆದಿದ್ದೆಲ್ಲ ಅವನಿಗೆ ತಲುಪತ್ತೆ," ಎನ್ನುತ್ತಿದ್ದರು. ಬರೆದು ಮುಗಿಸಿದ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ದೇವರಮನೆಯ ಗೂಡಿನಲ್ಲಿ ಇಡುತ್ತಿದ್ದರು. ಸ್ನಾನ ಮಾಡದೆ ನಾವು ಅತ್ತ ಕೈ ಚಾಚುವಂತಿರಲಿಲ್ಲ.

ನನಗೆ ಒಂಬತ್ತು ವರ್ಷ. ಅದೊಂದು ಭಾನುವಾರ ಪಕ್ಕದ ಮನೆಯ ಸುಮಾಳ ಹುಟ್ಟುಹಬ್ಬ. ಹೊಸ ಫ್ರಾಕು ಹಾಕಿಕೊಂಡು ಹೊರಟವಳು, ರಿಬ್ಬನ್ ಎಳೆದ ಎಂದು ರಘುವಿಗೆ ಮರದ ಸ್ಕೇಲಿನಿಂದ ಬಾರಿಸಿದೆ. ಹುಬ್ಬಿನ ಮೇಲೆ ರಕ್ತ ಬಂತು. ಅಜ್ಜಿ ಅವನ ಹಣೆಗೆ ಅರಿಶಿನ ಒತ್ತಿ, ನನ್ನ ಮುಂದೆ ಪುಸ್ತಕ ಇಟ್ಟು, "ಮುಗಿಸ್ಬಿಟ್ಟು ಹೋಗು," ಎಂದರು. ಅಷ್ಟೇ. ನಾನು ನೆಲದ ಮೇಲೆ ಕೂತು ಬರೆಯತೊಡಗಿದೆ. ಗೋಡೆಯಾಚೆ ಹಾಡು ಹಾಕುವುದು, ನಿಲ್ಲಿಸುವುದು, ಮಕ್ಕಳು ಕುರ್ಚಿಗಾಗಿ ಕಿತ್ತಾಡುವುದು ಎಲ್ಲ ಕೇಳುತ್ತಿತ್ತು. ಸಿಟ್ಟು ಮನುಷ್ಯನನ್ನು ಸುಡುತ್ತದೆ ಎಂಬ ಶ್ಲೋಕವನ್ನು ಬರೆದಷ್ಟೂ ನನ್ನ ಸಿಟ್ಟು ಏರುತ್ತಿತ್ತು. ಎಪ್ಪತ್ತಮೂರು ಮುಗಿಯಿತು. ಆಚೆ ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕು ಕತ್ತರಿಸಿದ್ದರು. ನಾನು ಎಪ್ಪತ್ತನಾಲ್ಕು ಎಂದು ಅಂಕಿ ಹಾಕಿ, ಶ್ಲೋಕದ ಬದಲು ದುಂಡಗಿನ ಅಕ್ಷರದಲ್ಲಿ ಬರೆದೆ: ಅಜ್ಜಿ ಸಾಯಲಿ. ಆಮೇಲೆ ಎಪ್ಪತ್ತೈದರಿಂದ ಮುಂದುವರಿಸಿದೆ.

ಅಜ್ಜಿ ಅದನ್ನು ತೆರೆದೂ ನೋಡದೆ ಗೂಡಿಗೆ ಸೇರಿಸಿದರು. ಮೂರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಅಪ್ಪ ಆಟೋ ತಂದು ಆಸ್ಪತ್ರೆಗೆ ಕರೆದೊಯ್ದರು. ಎಲ್ಲರೂ ಅಳುತ್ತಿದ್ದರೆ ನಾನೊಬ್ಬಳು ಅಳಲಿಲ್ಲ. ತಲುಪಿಬಿಟ್ಟಿತಲ್ಲ ಎಂದುಕೊಂಡು ಮರಗಟ್ಟಿ ನಿಂತಿದ್ದೆ. ಇದೆಲ್ಲ ಮಕ್ಕಳ ಹುಚ್ಚು ಎಂದು ನೀವು ನಗಬಹುದು. ಒಂಬತ್ತು ವರ್ಷಕ್ಕೆ ಮನೆಯೊಳಗೇ ಕೊಲೆಗಾರ್ತಿಯಾಗಿ ಓಡಾಡಿದವರಿಗೆ ಮಾತ್ರ ಅದು ಗೊತ್ತು.

ಅಮ್ಮ ಅಡುಗೆಮನೆಯಲ್ಲಿ ಆಸ್ಪತ್ರೆಗೆ ಗಂಜಿ ಕಾಸುತ್ತಿದ್ದಾಗ ನಾನು ತಣ್ಣೀರು ಸುರಿದುಕೊಂಡು, ಒದ್ದೆ ಲಂಗದಲ್ಲೇ ದೇವರಮನೆಗೆ ನುಗ್ಗಿ ಪುಸ್ತಕ ಹುಡುಕಿದೆ. ಸಾಲು ಹಾಗೇ ಇತ್ತು. ಗೀಟು ಎಳೆದರೆ ಪಾಪ, ಹರಿದರೆ ಇನ್ನೂ ದೊಡ್ಡ ಪಾಪ, ಬಿಟ್ಟರೆ ಅಜ್ಜಿ ಉಳಿಯುವುದಿಲ್ಲ. ಪೆನ್ನು ಹಿಡಿದು ಆ ಸಾಲನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದರು.

"ಏನೇ ಮಾಡ್ತಿದೀಯ ಅಲ್ಲಿ?"

"ಶ್ಲೋಕ ಬರೀತಿದೀನಮ್ಮ. ಅಜ್ಜಿಗೆ ಹುಷಾರಾಗ್ಲಿ ಅಂತ."

ಅಮ್ಮ ನನ್ನನ್ನು ಒದ್ದೆಯಲ್ಲೇ ತಬ್ಬಿಕೊಂಡು ಅತ್ತರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಮಗು ಎಂದರೆ ಹೀಗಿರಬೇಕು ಎಂದು ಸುಮಾಳ ತಾಯಿ ಮಿಕ್ಕ ಕೇಕು ತಂದುಕೊಟ್ಟರು. ಅದನ್ನು ರಘುವಿಗೆ ಕೊಟ್ಟುಬಿಟ್ಟೆ. ಇನ್ನು ನಿಜ ಹೇಳುವ ದಾರಿಯೂ ಮುಚ್ಚಿಹೋಗಿತ್ತು. ನಾನು ದಿನಾ ಹೊಸ ಪುಸ್ತಕದಲ್ಲಿ ಬರೆದೆ, ಬೆರಳಲ್ಲಿ ಗಂಟು ಬರುವಷ್ಟು ಬರೆದೆ.

ಎರಡು ವಾರಕ್ಕೆ ಅಜ್ಜಿ ವಾಪಸಾದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವರು ಹೊಸಿಲು ದಾಟುವ ಮುಂಚೆಯೇ ಅಮ್ಮ, "ನಿಮ್ಮ ಮೊಮ್ಮಗಳು ಬರೆದೂ ಬರೆದೂ ನಿಮ್ಮನ್ನ ಉಳಿಸಿಕೊಂಡ್ಲು ಅತ್ತೆ," ಎಂದರು. ಅಜ್ಜಿ ಮಂಚಕ್ಕೆ ಒರಗಿ ಕೂತು, "ಎಲ್ಲಿ, ತಗೊಂಡ್ಬಾ ನೋಡೋಣ. ಎಲ್ಲಾನೂ ತಾ," ಎಂದರು. ನಾನು ಮಂಚದ ಕಾಲು ಹಿಡಿದು ಅಲ್ಲೇ ನಿಂತೆ. ರಘು ಓಡಿಹೋಗಿ ಇಡೀ ಕಟ್ಟನ್ನೇ ಹೊತ್ತು ತಂದ. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಅದು ಒಂದು ಕಡೆ ನಿಂತಿತು ಎನಿಸಿತು, ಮತ್ತೆ ಮುಂದೆ ಹೋಯಿತು. ಕೊನೆಗೆ ಪುಸ್ತಕ ಮುಚ್ಚಿ, "ಅಕ್ಷರ ದುಂಡಗಿದೆ," ಎಂದರು. ಕಟ್ಟನ್ನು ದಿಂಬಿನ ಪಕ್ಕ ಇಟ್ಟುಕೊಂಡರು. ನೋಡಲಿಲ್ಲ, ಬದುಕಿದೆ ಎಂದುಕೊಂಡೆ. ಆದರೆ ಆ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಶ್ಲೋಕ ಬರೆಯುವ ಶಿಕ್ಷೆ ಆಗಲಿಲ್ಲ. ಅಜ್ಜಿಗೆ ಶಕ್ತಿ ಸಾಲದು ಎಂದು ಎಲ್ಲರೂ ಅಂದುಕೊಂಡೆವು.

ಅವರು ಇನ್ನೂ ಹನ್ನೊಂದು ವರ್ಷ ಇದ್ದರು. ನನಗೆ ಜಡೆ ಹೆಣೆದರು, ಪರೀಕ್ಷೆಗೆ ಹೊರಟಾಗ ಕೈಯಲ್ಲಿ ಮೊಸರು ಸಕ್ಕರೆ ಹಾಕಿದರು. ನಾನು ಎಷ್ಟೋ ಸಲ ಹೇಳಬೇಕೆಂದು ಬಾಯಿ ತೆರೆದು, ಹಸಿವಾಗ್ತಿದೆ ಅಜ್ಜಿ ಎಂದು ಮುಗಿಸುತ್ತಿದ್ದೆ. ಗೂಡು ಸೇರಿದ್ದ ಆ ಪುಸ್ತಕವನ್ನು ಮತ್ತೆ ಬಿಡಿಸುವ ಧೈರ್ಯವೂ ಬರಲಿಲ್ಲ. ಅವರು ಹೋಗಿ ಎಂಟು ತಿಂಗಳಿಗೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವುದೆಂದಾಯಿತು. ದೇವರಮನೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಯಾರ ಕಣ್ಣಿಗೂ ಬೀಳುವ ಮುಂಚೆ ಆ ಹಾಳೆ ಹರಿದುಹಾಕಬೇಕು, ಪಾಪ ಬಂದರೆ ಬರಲಿ ಎಂದುಕೊಂಡು ಪುಸ್ತಕ ತೆಗೆದೆ.

ಎಪ್ಪತ್ತನಾಲ್ಕನೆಯ ಸಾಲಿನ ಮೇಲೆ ಗೀಟು ಇರಲಿಲ್ಲ. ನನ್ನ ದುಂಡನೆಯ ಅಕ್ಷರಗಳ ಕೊನೆಗೆ, ಕಾಯಿಲೆಯಿಂದ ಎದ್ದ ಕೈಯ ಸೊಟ್ಟ ಬರವಣಿಗೆಯಲ್ಲಿ, ಒಂದೇ ಒಂದು ಅಕ್ಷರ ಸೇರಿಕೊಂಡಿತ್ತು, 'ಲ್ಲ'.

ಅಜ್ಜಿ ಸಾಯಲಿಲ್ಲ.

ಖಾಲಿ ದೇವರಮನೆಯ ನೆಲದಲ್ಲಿ ಕೂತು, ಹನ್ನೆರಡು ವರ್ಷದ ಹಿಂದೆ ಅಳದೆ ಉಳಿದದ್ದನ್ನೆಲ್ಲ ಅತ್ತೆ.