ರೊಟ್ಟಿ ತುಳಿದ ತಮ್ಮನಿಗೆ ಖಾಜಿ ತೈಯಿಪ್ ಕೊಟ್ಟ ತೀರ್ಪು

ಗುಲ್ಜಾ ಪಟ್ಟಣದ ಬೂಟಿನಂಗಡಿಯಲ್ಲಿ ದಿನಗೂಲಿಗೆ ಚರ್ಮ ಹೊಲಿಯುತ್ತಿದ್ದ ಸೆಮೆತ್‌ಗೆ ಬುದ್ಧಿಗಿಂತ ಹಸಿವು ಮುಂದು. ಹಳ್ಳಿಯಿಂದ ಹೊಸದಾಗಿ ಬಂದಿದ್ದ. ಹಾಡು, ಕುಣಿತ, ಊಟಕ್ಕೆಂದು ಗಂಡಸರು ಸೇರುವ ಮಶ್ರಪ್ ಕೂಟಕ್ಕೆ ಮೊದಲ ಸಲ ತಡವಾಗಿ ಹೋದಾಗ ಕೂಟದಲ್ಲಿ ತಪ್ಪಿಗೆ ತೀರ್ಪು ಕೊಡುವ ಖಾಜಿಯ ಗಾದಿಯಲ್ಲಿದ್ದ ತೈಯಿಪ್, "ಇವನದ್ದೊಂದು ಸಮ್ಸಾ ಬೇಯಿಸ್ರೋ" ಎಂದ. ಕುರಿಮಾಂಸ ತುಂಬಿ ಸುಟ್ಟ ಸಮ್ಸಾ ಬರುತ್ತದೆಂದು ಸೆಮೆತ್ ಕೈತೊಳೆದು ಕೂತ. ನಾಲ್ವರು ಬಂದರು, ಬೆನ್ನಿಗೆ ನೀರೆರಚಿ, ಅನಾಮತ್ತಾಗಿ ಎತ್ತಿ, ಒಲೆಯ ಒಳಗೋಡೆಗೆ ಸಮ್ಸಾದ ಹಿಟ್ಟು ಬಡಿದಂತೆ ಅವನನ್ನು ಗೋಡೆಗೆ ಬಡಿದರು. ತಡವಾಗಿ ಬಂದವರಿಗೆ ಅದೇ ಸಮ್ಸಾ.

ಆ ಖಾಜಿಯೇ ಅವನ ಅಂಗಡಿಯ ಯಜಮಾನನೂ ಆಗಿದ್ದದ್ದು ಸೆಮೆತ್‌ನ ಹಣೆಬರಹ. ಅಪ್ಪ ಸತ್ತ ಮೇಲೆ ತೈಯಿಪ್ ಮೀಸೆ ಮೂಡುವ ಮೊದಲೇ ಸುತ್ತಿಗೆ ಹಿಡಿದು ಮನೆ ನಡೆಸಿದ. ತಮ್ಮ ಮುಸಾ ಎರಡು ತಂತಿಯ ದುತಾರ್ ಮೀಟುತ್ತ, ಕಸೂತಿ ಟೋಪಿ ಓರೆಯಾಗಿಟ್ಟು ಬೆಳೆದ. ತಾಯಿ ಇದ್ದಷ್ಟು ದಿನ ಕೊಬ್ಬಿನ ತುಂಡೆಲ್ಲ ಮುಸಾನ ಬಟ್ಟಲಿಗೇ ಬೀಳುತ್ತಿತ್ತು. ಆಕೆ ಹೋದ ಮೇಲೆ ಒಂದೇ ಸೂರಿನಡಿ ಇಬ್ಬರೂ ಬೆನ್ನು ತಿರುಗಿಸಿ ಉಣ್ಣುತ್ತಿದ್ದರು.

ಚಳಿಗಾಲದ ಒಂದು ಮಧ್ಯಾಹ್ನ ಕೂಟದಲ್ಲಿ ಕುಣಿಯುತ್ತಿದ್ದ ಮುಸಾ, ಊಟಕ್ಕೆ ಹಾಸಿದ್ದ ಬಟ್ಟೆಯಂಚಿನಲ್ಲಿ ರೊಟ್ಟಿ ತುಳಿದುಬಿಟ್ಟ. ಆ ಊರಲ್ಲಿ ರೊಟ್ಟಿಯೆಂದರೆ ಆಣೆಯಿಡುವಷ್ಟು ಪವಿತ್ರ. ವಾದ್ಯ ಗಕ್ಕನೆ ನಿಂತಿತು.

"ಗೋಡೆಗೊಂದು ಸಲ ಬಡೀರಿ, ಮುಗೀತು" ಎಂದ ಒಬ್ಬ ಮುದುಕ.

"ಬಡಿಯೋದಲ್ಲ, ಕೂಟದಿಂದ್ಲೇ ಹೊರಗೆ" ಎಂದ ತೈಯಿಪ್.

ಹೊರಗಾದವನ ಸಲಾಮಿಗೆ ಊರಲ್ಲಿ ಯಾರೂ ತಿರುಗಿ ಸಲಾಮು ಹೇಳುವುದಿಲ್ಲ. ಮುಸಾನ ಮದುವೆ ಬೇರೆ ನಿಶ್ಚಯವಾಗಿತ್ತು. ಅಂಥವನಿಗೆ ಯಾವ ಅಪ್ಪ ಮಗಳನ್ನು ಕೊಟ್ಟಾನು?

"ಆಕಾ, ಕಣ್ಣಿಗೆ ಬೀಳ್ಲಿಲ್ಲ. ರೊಟ್ಟಿ ಆಣೆಗೂ!" ಎಂದ ಮುಸಾ ಅಣ್ಣನಿಗೆ.

"ತುಳಿದಿದ್ದರ ಮೇಲೇ ಆಣೆ ಬೇರೆ! ಕಣ್ಣು ಟೋಪಿಗೆ ಕಟ್ಟಿದ್ಯೇನೋ?"

"ನಿನ್ನ ಹೊಟ್ಟೆಕಿಚ್ಚಿಗೆ ರೊಟ್ಟಿ ನೆಪ ಅಷ್ಟೇ. ಅಮ್ಮ ಇದ್ದಿದ್ರೆ..."

"ಅಮ್ಮನ್ನ ಗೋರಿಲೇ ಇರೋಕೆ ಬಿಡು! ಇವನ ಬೂಟು ಹೊರಗೆಸೀರೋ!"

ಖಾಜಿಯ ಮಾತಿಗೆ ಎದುರಾಡುವಂತಿಲ್ಲ. ಬಾಗಿಲ ಬಳಿಯಿದ್ದ ಸೆಮೆತ್‌ಗೆ ಕೆಲಸ ಹೋದರೆ ಅನ್ನುವ ದಿಗಿಲು. ಬೂಟನ್ನು ಅವನೇ ಹಿಮಕ್ಕೆಸೆದ. ಎಸೆಯುವಾಗ, ಅದಕ್ಕೆ ತಾನು ಹಾಕಿದ ಹೊಲಿಗೆ ಪರವಾಗಿಲ್ಲ ಅಂತಲೂ ಅವನಿಗನ್ನಿಸಿತು. ಮುಸಾ ಹೊಸ್ತಿಲಲ್ಲಿ ನಿಂತು ಅಣ್ಣನತ್ತ ಉಗಿದು ಹೋದ.

ವಾರ ಕಳೆಯುವುದರೊಳಗೆ ಹೆಣ್ಣಿನ ಅಪ್ಪ ಮದುವೆ ಮುರಿದ. ಅಂಗಡಿಯಲ್ಲಿ ಸೆಮೆತ್‌ಗೆ ನಾಲಿಗೆ ತಡೆಯಲಾಗಲಿಲ್ಲ.

"ಆಕಾ, ಅವತ್ತು ರೊಟ್ಟಿ ತುಳಿದೋನು ನಾನಾಗಿದ್ರೆ?"

ತೈಯಿಪ್ ತಲೆಯೆತ್ತದೆ ಚರ್ಮ ಕೊಯ್ಯುತ್ತಲೇ ಹೇಳಿದ:

"ನಾಲ್ಕು ಬೈದು ಬಿಟ್ಬಿಡ್ತಿದ್ದೆ. ಅವನ ಮುಖ ಕಂಡ್ರೇ ನನಗಾಗಲ್ಲ ಕಣೋ."