ಕ್ಯಾಪ್ಟನ್ನನ ತಂಗಿ

ಎಂಟು ಕಂತುಗಳ ಆ ಇಂಗ್ಲಿಷ್ ಧಾರಾವಾಹಿಯಲ್ಲಿ ಮೊದಲು ಸತ್ತವನು ಅಡಿಗೆಯವನು. ಜಲಾಂತರ್ಗಾಮಿ ನೌಕೆ ಸಮುದ್ರದ ಅಡಿಯಲ್ಲಿದೆ, ಮೂರು ತಿಂಗಳು ಮೇಲೆ ಬರುವಂತಿಲ್ಲ, ಮಾಂಸ ಇಡುವ ತಂಪು ಕೋಣೆಯಲ್ಲಿ ಅಡಿಗೆಯವನು ತಲೆ ಒಡೆದು ಬಿದ್ದಿದ್ದಾನೆ. ಕೊಂದವನು ಒಳಗೇ ಇದ್ದಾನೆ. ನಾನು ಇಷ್ಟು ಹೇಳುವುದರೊಳಗೆ ನಮ್ಮತ್ತೆ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಹಾಗೇ ಹಿಡಿದು ಕೇಳಿದರು:

“ಹಂಗಾರ ರಾತ್ರಿ ಅಡಗಿ ಯಾರ ಮಾಡಿದ್ರು?”

ಬಾಜೂ ಮನೆಯ ಚಾಚಿ ನಕ್ಕು ನಕ್ಕು ಕೆಮ್ಮಿದರು. “ಅಲ್ರಿ ವೈನಿ, ಅಲ್ಲೆ ಹೆಣಾ ಬಿದ್ದೈತಿ. ನಿಮಗ ಅಡಗಿ ಚಿಂತಿ!”

“ಹೆಣಾ ಎಲ್ಲೆ ಎದ್ದು ಓಡಿ ಹೋಕ್ಕೈತಿ? ಉಳದ ಮಂದಿ ಹೊಟ್ಟಿ ಸುಮ್ಮ ಇರ್ತೈತೇನ? ಮತ್ತ ಕಿಟಕಿನೂ ಇಲ್ಲ ಅಂತಿ. ಒಗ್ಗರಣಿ ಘಾಟ ಎತ್ಲಾಗ ಹೋಗಬೇಕ?”

ಕೊನೆಯ ಪ್ರಶ್ನೆ ನನಗೆ. ಉತ್ತರ ಗೊತ್ತಿರಲಿಲ್ಲ. “ಅದಕ್ಕೊಂದು ಮಶೀನ್ ಇರ್ತೈತ್ರಿ ಅತ್ತೀ” ಎಂದೆ. ಅವರು ತಲೆ ಆಡಿಸಿ ಮತ್ತೆ ತೊಟ್ಟು ಮುರಿಯತೊಡಗಿದರು. ನಾನು ಹೇಳಿದ ಮೇಲೆ ಮುಗಿಯಿತು. ಆ ದಿನಗಳಲ್ಲಿ ಹಾಗಿತ್ತು.

ನವಲಗುಂದದಲ್ಲಿ ನಮ್ಮದೂ ಚಾಚಿಯದೂ ಒಂದೇ ಗೋಡೆಯ ಮನೆಗಳು. ಅವರ ಹಿಂದಿನ ಕೋಣೆಯಲ್ಲಿ ಜಮಖಾನೆಯ ಮಗ್ಗ ನಿಂತಿದೆ. ನೂಲು ಕೂರಿಸುವ ಕಬ್ಬಿಣದ ಹಣಿಗೆಯ ಏಟು ಬೆಳಗಿನಿಂದ ನಮ್ಮ ಅಡಿಗೆಮನೆಗೆ ಕೇಳುತ್ತಿರುತ್ತದೆ. ಮಧ್ಯಾಹ್ನ ಎರಡಕ್ಕೆ ಏಟು ನಿಂತಿತೆಂದರೆ ಚಾಚಿ ಹಿತ್ತಲ ಬಾಗಿಲಿನಿಂದ ಬಂದರು ಎಂದೇ ಲೆಕ್ಕ. ಮೆಣಸಿನಕಾಯಿ ಸುಗ್ಗಿ ಅದು. ಮನೆಗೆಂದು ಇಟ್ಟುಕೊಂಡ ಕಾಯಿಯನ್ನು ಪಡಸಾಲೆಯಲ್ಲಿ ಸುರುವಿಕೊಂಡು, ಹಳೆಯ ಜಮಖಾನೆಯ ಮೇಲೆ ಕುಳಿತು, ತೊಟ್ಟು ಮುರಿಯುತ್ತ ಟಿವಿ ನೋಡುವುದು. ಯಾರಿಗಾದರೂ ಸೀನು ಬಂದರೆ ನಾನು ರಿಮೋಟ್ ಒತ್ತಿ ನಿಲ್ಲಿಸುತ್ತಿದ್ದೆ. ಚಾಚಿಯ ಏಳು ಸೀನು ಮುಗಿಯುವವರೆಗೆ ಆ ನೌಕೆಯ ಮಂದಿಯೆಲ್ಲ ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು.

ಧಾರವಾಡದ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನಾನು ಬಡಿದ ರೊಟ್ಟಿಯ ಅಂಚು ಇವತ್ತಿಗೂ ಸೀಳುತ್ತದೆ. ಅತ್ತೆ ಏನೂ ಅನ್ನುವುದಿಲ್ಲ. ಸೀಳಿದ ಭಾಗವನ್ನು ಮುರಿದು ತಮ್ಮ ತಾಟಿಗೆ ಹಾಕಿಕೊಳ್ಳುತ್ತಾರೆ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಈ ಮನೆಯಲ್ಲಿ ನನ್ನದು ಎಂದು ಇದ್ದದ್ದು ಇಂಗ್ಲಿಷ್ ಒಂದೇ, ಅದು ಬೇಕಾಗುತ್ತಿದ್ದದ್ದು ಗುಳಿಗೆಯ ಹಾಳೆ ಓದುವುದಕ್ಕೆ. ಈ ಧಾರಾವಾಹಿ ಬಂದ ಮೇಲೆ ಅದಕ್ಕೆ ಬೆಲೆ ಬಂತು. ಎರಡು ನಿಮಿಷ ಓಡಿಸುವುದು, ನಿಲ್ಲಿಸುವುದು, ಕನ್ನಡದಲ್ಲಿ ಹೇಳುವುದು. ನಾನು ಹೇಳುವಾಗ ಅತ್ತೆ ಟಿವಿಯನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಆ ನೋಟಕ್ಕಾಗಿ ನಾನು ಹನ್ನೆರಡಕ್ಕೇ ಪಾತ್ರೆ ತೊಳೆದು ಕಾಯುತ್ತಿದ್ದೆ.

ಎರಡನೆಯ ಕಂತಿನಲ್ಲಿ ತೊಡಕು ಬಂತು. ಕ್ಯಾಪ್ಟನ್‌ಗೂ ನೌಕೆಯ ಡಾಕ್ಟರಮ್ಮನಿಗೂ ಸಂಬಂಧ. ಇಬ್ಬರಿಗೂ ಊರಲ್ಲಿ ಬೇರೆ ಬೇರೆ ಸಂಸಾರ. “ಅಕಿ ಯಾರ?” ಎಂದು ಅತ್ತೆ ಕೇಳಿದರು. ಅವರ ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಮಾಸಿರಲಿಲ್ಲ. ಚಾಚಿ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನನ್ನ ನಾಲಗೆ ತಾನಾಗಿ ಹೊರಳಿತು:

“ಕ್ಯಾಪ್ಟನ್ನನ ತಂಗಿ ರಿ.”

ಅಪ್ಪಿಕೊಳ್ಳುವುದು ಬಂದಾಗ ಮುಂದೆ ಓಡಿಸಿದೆ. ಓಡಿಸಲು ಆಗದಿದ್ದಾಗ ಕಸಬರಿಗೆ ಹಿಡಿದು ಟಿವಿಯ ಮುಂದೆ ಬಿದ್ದ ಬೀಜ ಬಳಿದೆ. ಅಡಿಗೆಯವನು ಅವರಿಬ್ಬರನ್ನು ನೋಡಿಬಿಟ್ಟಿದ್ದ ಎನ್ನುವುದೇ ಕಥೆಯ ಗಂಟು. ನನ್ನ ಕಥೆಯಲ್ಲಿ ಆ ಗಂಟೇ ಇರಲಿಲ್ಲ. ಹಾಗಾಗಿ ಕೊಲೆಗೆ ಕಾರಣವನ್ನು ಅವರೇ ಹುಡುಕಿಕೊಂಡರು.

“ಎಂಜಿನಿಯರಂದ ಕೆಲಸಾ ಇದು” ಎಂದರು ಚಾಚಿ, ನೌಕೆಯ ಎಂಜಿನ್ ನೋಡುವವನ ಕಡೆ ಕೈ ತೋರಿಸಿ. “ಅಡಗಿಯಂವ ದಿನಾ ಉಪ್ಪ ಹೆಚ್ಚ ಹಾಕಿರಬೇಕ. ಹೊರಗ ಹೋಗಿ ಒಂದ ಮಿರ್ಚಿ ತಿನ್ನೂಣಂದ್ರ ಸುತ್ತೂ ನೀರ. ತಲಿ ಕೆಡೂದಿಲ್ಲೇನ್ರಿ?”

“ಯಾರರ ಆಗ್ಲಿ, ಕ್ಯಾಪ್ಟನ್ ಅಂತೂ ಅಲ್ಲ” ಎಂದರು ಅತ್ತೆ. “ತಂಗಿ ಬಾಜೂಕ ಇಟಗೊಂಡ ಯಾವ ಅಣ್ಣ ಕೊಲಿ ಮಾಡ್ತಾನ?”

ನಾಲ್ಕನೆಯ ಕಂತಿನಲ್ಲಿ ಕ್ಯಾಪ್ಟನ್ನನ ಕೈಗೆ ಗಾಯವಾಗಿ ಡಾಕ್ಟರಮ್ಮ ಪಟ್ಟಿ ಕಟ್ಟುತ್ತಾಳೆ. ಅದನ್ನು ನೋಡುತ್ತ ಅತ್ತೆಯ ಕೈ ನಿಂತುಹೋಯಿತು. ನಿಧಾನಕ್ಕೆ ಅವರು ತಮ್ಮ ಅಣ್ಣನ ಮಾತು ತೆಗೆದರು. ತವರೂರು ತಂಬೂರಿನಿಂದ ನಾಗರ ಪಂಚಮಿಗೆ ಕರೆಯಲು ಬರುತ್ತಿದ್ದ ಅಣ್ಣ. ಒಂದು ವರ್ಷ ಬೆಣ್ಣಿಹಳ್ಳ ತುಂಬಿ ಬಸ್ಸು ನಿಂತಿದ್ದರೂ ಎದೆಮಟ್ಟದ ನೀರು ದಾಟಿ ಬಂದು, ಹಸಿ ಧೋತರದಲ್ಲೇ ಕಟ್ಟೆಯ ಮೇಲೆ ಕುಳಿತು “ನಮ್ಮ ತಂಗೀನ ಕಳಸ್ರಿ” ಎಂದಿದ್ದನಂತೆ. ಅವನು ಹೋಗಿ ಬಹಳ ವರ್ಷವಾಗಿದೆ. ಹತ್ತೊಂಬತ್ತು ವರ್ಷದಲ್ಲಿ ಅತ್ತೆ ಇದನ್ನು ನನಗೆ ಹೇಳಿರಲಿಲ್ಲ. ಕಣ್ಣು ಒರೆಸಲು ಹೋಗಿ ಮೆಣಸಿನಕಾಯಿಯ ಕೈ ತಗುಲಿ ಇನ್ನಷ್ಟು ನೀರು ಬಂತು. ನಾನೇ ತಣ್ಣೀರು ತಂದು ಅವರ ಕಣ್ಣು ತೊಳೆದೆ. ಒಂದು ಸುಳ್ಳಿನಿಂದ ಇಷ್ಟು ಹತ್ತಿರ ಬಂದೆನಲ್ಲ ಎಂದು ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸುಖವಾಯಿತು.

ಐದನೆಯ ಕಂತಿನ ದಿನ ಚಾಚಿಯ ಬೆನ್ನಿಗೆ ಅವರ ಹೊಸ ಸೊಸೆ ಬಂದಳು. ಅಣ್ಣಿಗೇರಿಯ ಹುಡುಗಿ, ಉರ್ದು ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಚಾಚಿಯ ಮನೆಯಲ್ಲಿ ಜಮಖಾನೆಯ ಚಿತ್ತಾರವನ್ನು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ಮಗಳು ಕಲಿತರೆ ಚಿತ್ತಾರ ಬೇರೆ ಊರು ಸೇರುತ್ತದೆಂದು ಹಳೆಯ ರೂಢಿ. ಮೂರು ತಿಂಗಳಿಂದ ಅವರಿಬ್ಬರೂ ಮಗ್ಗದ ಮುಂದೆ ಒಂದೇ ಹಲಗೆಯ ಮೇಲೆ ಭುಜಕ್ಕೆ ಭುಜ ಹಚ್ಚಿ ಕೂರುತ್ತಿದ್ದರು. ಗೋಡೆಯಾಚೆಯ ಏಟು ಈಗ ಎರಡು ಕೈಯದು ಎಂದು ನಾನು ಒಲೆಯ ಮುಂದೆ ನಿಂತೇ ಗುರುತಿಸಿದ್ದೆ. ಯಾರೂ ನನ್ನನ್ನು ಹಾಗೆ ಬಾಜೂ ಕೂರಿಸಿಕೊಂಡು ಏನನ್ನೂ ಕಲಿಸಿರಲಿಲ್ಲ. ಹೊಟ್ಟೆಕಿಚ್ಚು ಅವಳು ನಮ್ಮ ಹೊಸ್ತಿಲು ದಾಟುವ ಮೊದಲೇ ಶುರುವಾಗಿತ್ತು ಎನ್ನಬೇಕು.

ಅವಳು ಒಂದು ತಾಸು ಮಾತಿಲ್ಲದೆ ನೋಡಿದಳು. ಅತ್ತೆಯೇ ಕೆಣಕಿದರು: “ನೀ ಹೇಳ ಬೇ, ಯಾರ ಕೊಂದಿರಬೇಕ?”

“ಆಯೀ, ನಂಗ ಅವ್ರ ಮಾತ ತಿಳಿಯಾಂಗಿಲ್ರಿ. ಆದ್ರ ಅಕಿ ತಂಗಿ ಅಲ್ರಿ.”

“ಅಂದ್ರ?”

“ಅಕಿ ಅಂವನ ಕಾಲರ್ ಸರಿ ಮಾಡಿದ್ಲಲ್ರಿ, ಮಾಡಿ ಬಾಗಲಾ ಕಡೆ ನೋಡಿದ್ಲು. ತಂಗಿ ಆಗಿದ್ರ ಬಾಗಲಾ ಯಾಕ ನೋಡ್ಬೇಕ್ರಿ?”

ಆ ನೋಟವನ್ನು ನಾನೂ ನೋಡಿದ್ದೆ. ಇಂಥ ಸಣ್ಣದನ್ನು ಕಾಣುವ ಕಣ್ಣು ಈ ಓಣಿಯಲ್ಲಿ ನನಗೊಬ್ಬಳಿಗೇ ಇದೆ ಎಂದುಕೊಂಡಿದ್ದೆ. “ಅವ್ರ ದೇಶದಾಗ ಹಂಗ ಇರ್ತೈತಿ” ಎಂದು ರಿಮೋಟ್ ಒತ್ತಿದೆ. ನನ್ನ ದನಿ ನನಗೇ ಒರಟಾಗಿ ಕೇಳಿತು.

ಮರುದಿನದಿಂದ ಅತ್ತೆ ಜಮಖಾನೆಯ ಮೇಲೆ ತಮ್ಮ ಎಡಕ್ಕೆ ಅವಳಿಗೆ ಜಾಗ ಹಿಡಿದಿಡತೊಡಗಿದರು. “ಇಲ್ಲೆ ಬಾ, ನನ್ನ ಬಾಜೂ ಕೂಡು.” ನಾನು ಹೇಳುವುದನ್ನು ಈಗಲೂ ಕೇಳುತ್ತಿದ್ದರು, ಆದರೆ ಕೇಳಿದ ಮೇಲೆ ಅವಳ ಕಡೆ ತಿರುಗಿ “ನಿಂಗೇನ ಕಾಣತೈತಿ?” ಎನ್ನುತ್ತಿದ್ದರು. ನಗುವಾಗ ಅವಳ ತೊಡೆಯ ಮೇಲೆ ಕೈ ಬಡಿಯುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ನಾಲ್ಕು ಸಲ ಬಡಿದರು. ಅವಳು ತೊಟ್ಟು ಮುರಿದರೆ ಒಂದು ಬೀಜವೂ ಉದುರುತ್ತಿರಲಿಲ್ಲ. ನನ್ನ ಮುಂದೆ ಮಾತ್ರ ಬೀಜದ ರಾಶಿ.

ಆರು ಕಂತು ಮುಗಿದಾಗ ತಾಯಿಯ ಕಣ್ಣಿನ ಆಪರೇಶನ್ನಿಗೆಂದು ನಾನು ಧಾರವಾಡಕ್ಕೆ ಹೋದೆ. “ನಾ ಬರೂತನಕಾ ನೋಡಬ್ಯಾಡ್ರಿ” ಎಂದು ಹೇಳಿಯೇ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಹುಬ್ಬಳ್ಳಿ ಬಸ್ಸಿನಿಂದ ಇಳಿದು ಮನೆಯ ಕಟ್ಟೆ ಹತ್ತಿದರೆ ಒಳಗಿನಿಂದ ಕ್ಯಾಪ್ಟನ್ನನ ದನಿ ಬರುತ್ತಿತ್ತು. ಕ್ಯಾಪ್ಟನ್ ಹಿಂದಿಯಲ್ಲಿ ಮಾತಾಡುತ್ತಿದ್ದ.

ರಿಮೋಟಿನಲ್ಲಿ ಎಲ್ಲಿಯೋ ಒತ್ತಿ ಹುಡುಗಿ ಭಾಷೆ ಬದಲಿಸಿದ್ದಳು. ಅವಳಿಗೂ ಚಾಚಿಗೂ ಹಿಂದಿ ನೀರು ಕುಡಿದಷ್ಟು ಸಲೀಸು. ಅತ್ತೆಗೆ ಅವಳು ಕನ್ನಡ ಮಾಡಿ ಹೇಳುತ್ತಿದ್ದಳು, ನಿಲ್ಲಿಸದೆ, ಓಡುತ್ತಿರುವಾಗಲೇ. ಮೊದಲ ಕಂತಿನಿಂದ ಎಲ್ಲವನ್ನೂ ಮತ್ತೆ ನೋಡಿ ಏಳನೆಯದಕ್ಕೆ ಬಂದಿದ್ದರು.

“ಬಂದ್ಲ ನೋಡ್ರಿ, ತಂಗಿ ಮಾಡಾಕಿ!” ಚಾಚಿ ಕೈ ತಟ್ಟಿ ನಕ್ಕರು. “ಏನ್ ಧೈರ್ಯಾ ವಾ ನಿಂದು! ಅವ್ರಿಬ್ರೂ ಅಲ್ಲೆ ಏನೇನೋ ನಡಸ್ಯಾರ, ನೀ ಇಲ್ಲೆ ರಾಖಿ ಕಟ್ಟಿ ಕುಂದ್ರಸೀಯಲ್ಲ!”

ಹುಡುಗಿ ಬಾಯಿಗೆ ಓಢಣಿ ಹಿಡಿದು ನಗು ತಡೆದಳು. ಅತ್ತೆ ನಗಲಿಲ್ಲ.

“ನಾ ಸುಳ್ಳೇ ನಮ್ಮಣ್ಣನ್ನ ನೆನಸಿ ಕಣ್ಣೀರ ಹಾಕಿದ್ನಲ್ಲ” ಎಂದರು. ನನ್ನನ್ನು ನೋಡಿ ಹೇಳಲಿಲ್ಲ. ಮೆಣಸಿನಕಾಯಿಯನ್ನು ನೋಡಿ ಹೇಳಿದರು.

ಆಗಲೇ ಕ್ಷಮಿಸಿರಿ ಎಂದು ಕೈ ಹಿಡಿಯಬಹುದಿತ್ತು. ಆದರೆ ಹುಡುಗಿಯ ಮಂಡಿ ಅತ್ತೆಯ ಮಂಡಿಗೆ ತಾಗಿಕೊಂಡಿತ್ತು, ನನ್ನ ಕಣ್ಣು ಅಲ್ಲಿಂದ ಏಳಲಿಲ್ಲ. ಕೊಂದವನು ಯಾರೆಂದು ನಾನು ಬಸ್ಸಿನಲ್ಲಿ ಫೋನ್ ನೋಡಿ ತಿಳಿದುಕೊಂಡಿದ್ದೆ. ಯಾಕೆ ಕೊಂದ ಎಂಬುದನ್ನು ಓದುವಷ್ಟರಲ್ಲಿ ಊರು ಬಂದಿತ್ತು. ಚೀಲ ಕೆಳಗಿಡದೆ ಹೇಳಿಬಿಟ್ಟೆ:

“ಕೊಂದಾವ ಎಂಜಿನಿಯರ್. ತಿಳೀತಲ್ಲ, ಇನ್ನೇನ ನೋಡ್ತೀರಿ, ಆರಿಸ್ರಿ.”

ಅವಳ ಮುಖ ಸಣ್ಣದಾಗಬೇಕೆಂದು ಹೇಳಿದ್ದು. ಆದರೆ ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಇನ್ನೊಂದು ತೊಟ್ಟು ಮುರಿದರು.

“ಇದೂ ತಂಗಿನೋ ಏನೋ, ಯಾರಿಗ್ಗೊತ್ತು. ನೀ ಹಚ್ಚ ಬೇ ಮುಂದಿಂದು.”

ನಿಜ ಹೇಳಿದ್ದೆ, ಒಬ್ಬರೂ ನಂಬಲಿಲ್ಲ. ಅವರ ಆಟವನ್ನು ಕೆಡಿಸಲೂ ನನ್ನಿಂದ ಆಗಲಿಲ್ಲ. ಅಡಿಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ.

ಮರುದಿನ ಕೊನೆಯ ಕಂತು. ನಾನು ಪಡಸಾಲೆಗೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಅರ್ಧ ತಾಸಿನ ಮೇಲೆ ಟಿವಿಯ ಸದ್ದು ನಿಂತಿತು, ಒಳಗೆ ಗುಸುಗುಸು ನಡೆಯಿತು, ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ಹುಡುಗಿ ನಿಂತಳು.

“ಅಕ್ಕಾರ, ಅಲ್ಲೊಂದು ಚೀಟಿ ಸಿಕ್ಕೈತ್ರಿ. ಸತ್ತ ಅಡಗಿಯಂವ ಬರದದ್ದು. ಹಿಂದ್ಯಾಗ ಅದನ್ನ ಓದಿ ಹೇಳವಲ್ರು. ಅಕ್ಷರಾ ಕೂಡಿಸಿ ಕೂಡಿಸಿ ಬರದಾನ್ರಿ, ನಂಗ ಹತ್ತವಲ್ದು.”

“ಅತ್ತಿ ಕರಿ ಅಂದ್ರೇನು?”

“ಇಲ್ರಿ. ‘ಬ್ಯಾಡ, ಅಕಿ ಮತ್ತ ಏನರ ಒಂದ ಮಾಡತಾಳ’ ಅಂದ್ರು. ನಾನ ಬಂದೆ.”

ಸುಳ್ಳು ಹೇಳಿದ್ದರೆ ಆ ಹುಡುಗಿಯನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಹೋಗಿ ನಿಂತೆ. ಪರದೆಯ ತುಂಬ ಹಿಟ್ಟಿನ ಕಲೆ ಬಿದ್ದ ಕಾಗದ, ಅದರ ಮೇಲೆ ಬಾಗಿದ, ಒಂದಕ್ಕೊಂದು ಕೊಂಡಿ ಹಾಕಿದ ಇಂಗ್ಲಿಷ್ ಅಕ್ಷರ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಇಂಥ ಅಕ್ಷರವನ್ನು ದಿನಕ್ಕೊಂದು ಪುಟ ತಿದ್ದಿ, ಕೊಂಡಿ ತಪ್ಪಿದರೆ ಬೆರಳ ಗೆಣ್ಣಿಗೆ ಏಟು ತಿಂದು ಕಲಿತವಳು ನಾನು. ಒಂದೇ ನೋಟಕ್ಕೆ ಓದಿಕೊಂಡೆ. ಮೂವರೂ ನನ್ನ ಬಾಯಿ ನೋಡುತ್ತಿದ್ದರು. ‘ಮಾತಾಡುತ್ತ ನಿಂತಿದ್ದರು’ ಎಂದುಬಿಟ್ಟರೆ ಸಾಕಿತ್ತು. ಯಾರೂ ಹಿಡಿಯಲಾರರು.

“ಎಂಜಿನಿಯರಗ ಬರದಾನ್ರಿ” ಎಂದೆ. “‘ಹಿಟ್ಟ ತರಾಕ ಹೋದಾಗ ಕ್ಯಾಪ್ಟನ್ನೂ ನಿನ್ನ ತಂಗೀನೂ ಒಂದ ಹಾಸಿಗ್ಯಾಗ ಇದ್ದದ್ದ ನಾ ನೋಡೇನಿ. ದಡಕ್ಕ ಹೋದಕೂಡಲೇ ಅಕಿ ಗಂಡಗ ಹೇಳ್ತೀನಿ’ ಅಂತ.”

ಅತ್ತೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾಲ್ಕಾರು ದಿನಗಳಾದ ಮೇಲೆ ಮೊದಲ ಸಲ.

“ಇಷ್ಟ ಹೇಳಾಕ ಎಂಟ ಕಂತ ಬೇಕಾತೇನ ನಿಂಗ? ಆರ ಹಡದಾಕಿ ನಾ. ನಂಗೇನ ಗೊತ್ತಿಲ್ಲಂತ ಮಾಡೀದಿ?”

ಚಾಚಿ ಬಿದ್ದು ಬಿದ್ದು ನಗುತ್ತ, “ನಾ ಹೇಳಿರಲಿಲ್ಲ, ಎಂಜಿನಿಯರಂದ ಅಂತ!” ಎಂದರು. ಉಪ್ಪಿನ ಮಾತನ್ನು ಅವರು ಮರೆತಿದ್ದರು.

ಅತ್ತೆಯ ಮನಸ್ಸು ಮಾತ್ರ ಆ ಚೀಟಿಯಲ್ಲೇ ನಿಂತಿತ್ತು. “ತಡಿ ತಡಿ. ಅಂದ್ರ ಅಕಿ ತಂಗಿ ಹೌದು. ಎಂಜಿನಿಯರನ ತಂಗಿ. ತಂಗಿ ಸಲುವಾಗಿ ಕೊಂದಾನ.” ಒಂದು ತೊಟ್ಟು ಮುರಿದು, “ನಮ್ಮಣ್ಣ ಬರೇ ಹಳ್ಳಾ ದಾಟಿದ್ದ ಮಾರಾಯ್ತಿ” ಎಂದರು. ಈ ಸಲ ನನ್ನನ್ನೇ ನೋಡಿ ಹೇಳಿದರು.

ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಅದೂ ಇನ್ನೊಂದು ಕ್ಯಾಪ್ಟನ್ನನ ತಂಗಿಯಾದೀತು. ಆರಲಿಲ್ಲ. ಮರುದಿನ ಹೊಸ ಧಾರಾವಾಹಿ ಹಚ್ಚುವುದಿತ್ತು. ಗೋಡೆಯಾಚೆ ಮಗ್ಗದ ಏಟು ಇನ್ನೂ ನಡೆದಿರುವಾಗಲೇ ನಾನು ಹೋಗಿ ಅತ್ತೆಯ ಎಡಕ್ಕೆ, ಅವರು ಹಿಡಿದಿಡುವ ಆ ಜಾಗದಲ್ಲೇ ಕುಳಿತೆ. ಅತ್ತೆ ಒಮ್ಮೆ ನೋಡಿದರು. ಏಟು ನಿಂತಿತು. ಹಿತ್ತಲ ಬಾಗಿಲು ಸದ್ದಾಯಿತು. ಹುಡುಗಿ ಬಂದು ನಮ್ಮ ಮುಂದೆ ನಿಂತಳು.

“ಸ್ವಲ್ಪ ಸರಿ” ಎಂದರು ಅತ್ತೆ ನನಗೆ. “ಅಕೀನೂ ಕೂಡ್ಲಿ.”

ನಾಲ್ಕು ಬೆರಳು ಸರಿದೆ.