ಆಟಿಕೆ ಲಾರಿಗೆ ಬಿಟ್ಟ ಎಣ್ಣೆ

ಹೊಲಿಗೆ ಯಂತ್ರದ ಮುಂದೆ ಕೂತು ಮುದುಕಿಯಾದವಳಿಗೆ ಒಂದು ಚಾಳಿ. ಯಾವುದು ತಿರುಗಿದರೂ ಅದಕ್ಕೊಂದು ಹನಿ ಎಣ್ಣೆ ಬಿಡಬೇಕು ಅನ್ನಿಸುತ್ತದೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಬಾಗಿಲ ಕೀಲು, ಫ್ಯಾನು, ಮೊಮ್ಮಗಳ ಸೈಕಲ್ಲು, ಎಲ್ಲಕ್ಕೂ ನನ್ನ ಎಣ್ಣೆ ಬಿದ್ದಿದೆ.

ಆ ಮೊಮ್ಮಗಳು ಈಗ ದಿನಾ ಬಸ್ಸು ಹತ್ತಿ ಹುಮನಾಬಾದಿನ ಕಾಲೇಜಿಗೆ ಹೋಗುತ್ತಾಳೆ, ಸೈನ್ಸ್ ಓದುತ್ತಾಳೆ. ನನಗೆ ಮೂರನೆಯ ಇಯತ್ತೆಯೂ ಮುಗಿದಿಲ್ಲ. ಅದಕ್ಕೇ ಈ ಮಾತು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಹೋದ ವಾರ ಅವಳಿಗೆ ಮೊದಲ ಪ್ರಾಕ್ಟಿಕಲ್ ಬಂತು. ಸಣ್ಣ ಗಾಡಿಗೆ ದಾರ ಕಟ್ಟಿ ಎಳೆಸಬೇಕು, ಭಾರ ಹೇರಿದರೆ ಅದರ ಓಟ ಹೇಗೆ ಬದಲಾಗುತ್ತದೆ ನೋಡಬೇಕು. ಶಾಲೆಯಲ್ಲಿ ಅವಳು ಇಂಥ ಸಾಮಾನು ಮುಟ್ಟಿದವಳೇ ಅಲ್ಲ.

"ಸರ್ ಏನರ ಕೇಳಿದಾಗ ನನ್ನ ಬಾಯಿ ಬರಲಿಲ್ಲಂದ್ರ, ಆಯಿ, ನಾ ಸೈನ್ಸ್ ಬಿಟ್ಟು ಆರ್ಟ್ಸಿಗಿ ಹೋಗ್ತೀನಿ ನೋಡು," ಅಂದಳು.

ಮನೆಯಲ್ಲೇ ತಯಾರಿಗೆ ಕೂತೆವು. ಅವಳ ಚಿಕ್ಕಂದಿನ ಆಟಿಕೆ ಲಾರಿಯನ್ನು ಹುಡುಕಿ ತೆಗೆದೆ. ಬಟ್ಟೆ ಕತ್ತರಿಸುವ ಮೇಜಿನ ಅಂಚಿಗೆ ಅವಳು ಖಾಲಿ ರೀಲು ಸಿಕ್ಕಿಸಿ, ಅದರ ಮೇಲಿಂದ ದಾರ ಹಾಯಿಸಿ, ತುದಿಗೆ ಕೀಲಿಕೈ ಗೊಂಚಲು ಕಟ್ಟಿದಳು. ಗೊಂಚಲು ಕೆಳಗಿಳಿದರೆ ಲಾರಿ ಓಡುತ್ತದೆ. ಒಂದು ಸಲ ಓಡಿಸಿ, ಫೋನಿನಲ್ಲಿ ಹೊತ್ತು ನೋಡಿ ಬರೆದುಕೊಂಡು, ನೀರು ಕುಡಿಯಲು ಒಳಗೆ ಹೋದಳು. ಗಾಲಿಗಳು, ಪಾಪ, ಕಿರ್ರೆನ್ನುತ್ತಿದ್ದವು. ಎಣ್ಣೆ ಬುಡ್ಡಿ ಕೈಗೆ ಹತ್ತಿರವೇ ಇತ್ತು.

ಬಂದವಳು ಲಾರಿಯ ಮೇಲೆ ನನ್ನ ದೊಡ್ಡ ಕತ್ತರಿ ಹೇರಿ ಬಿಟ್ಟಳು. ಲಾರಿ ಸರ್ರನೆ ಓಡಿ, ಕತ್ತರಿ ಸಮೇತ ಕೆಳಗೆ ಬಿತ್ತು. ನಾನು ಚಪ್ಪಾಳೆ ತಟ್ಟಿದೆ. ಅವಳ ಕಣ್ಣಲ್ಲಿ ನೀರು.

"ಭಾರ ಹಾಕಿದ್ರ ಸಾವಕಾಶ ಹೋಗಬೇಕು, ಆಯಿ. ಇದು ಮೊದಲಿಗಿಂತ ಜೋರ್ ಓಡಾಕತ್ತದ. ನಾ ಓದಿದ್ದೆಲ್ಲಾ ತಪ್ಪೇ ಅದ."

"ಜೋರ್ ಓಡಿದ್ರ ಛಲೋನೇ ಅಲ್ಲೇನವ್ವಾ? ಅದಕ್ಕೇ ಎಣ್ಣಿ ಬಿಟ್ಟೀನಿ."

ಅವಳು ಗಾಲಿ ಮುಟ್ಟಿ, ಬೆರಳು ಮೂಸಿ, ನನ್ನನ್ನೇ ನೋಡಿದಳು. "ಯಾರು ಬಿಡಂದಿದ್ರು ನಿನಗ?" ಅಂದವಳು ನಗು ತಡೆಯಲಾರದೆ ನೆಲಕ್ಕೆ ಕೂತುಬಿಟ್ಟಳು. ಕತ್ತರಿ ತೆಗೆದು ಮತ್ತೆ ಓಡಿಸಿದರೆ ಲಾರಿ ಇನ್ನೂ ಜೋರಾಗಿ ಹೋಯಿತು. ಪುಸ್ತಕದ ಮಾತು ಖರೆಯೇ, ಎಣ್ಣೆಯಿಂದ ಗಾಲಿಯ ಘರ್ಷಣೆ ಕಡಿಮೆಯಾಗಿ ತನಗೆ ಮೋಸ ಆಗಿತ್ತು ಎಂದು ನನಗೆ ಬಿಡಿಸಿ ಹೇಳಿದಳು.

ಮರುದಿನ ಸಂಜೆ ಬಸ್ ನಿಲ್ದಾಣಕ್ಕೇ ಹೋಗಿ ನಿಂತೆ. ಇಳಿಯುತ್ತಲೇ ಶುರು ಮಾಡಿದಳು. ಕಾಲೇಜಿನಲ್ಲಿ ಎರಡು ಗಾಡಿಗಳಿಗೆ ಒಂದೇ ಭಾರ ಹೇರಿದರೂ ಒಂದು ಹಿಂದೆ ಬಿತ್ತಂತೆ. ಯಾಕೆ ಎಂದು ಸರ್ ಕೇಳಿದರಂತೆ. ಇವಳೇ ಎದ್ದು, ಅದರ ಗಾಲಿಯ ಘರ್ಷಣೆ ಹೆಚ್ಚಿರಬೇಕು ಅಂದಳಂತೆ.

"ಹ್ಯಾಂಗ ಹೊಳೀತವ್ವಾ ನಿನಗ, ಅಂದ್ರು. ನಮ್ಮ ಆಯಿ ಎಣ್ಣಿ ಬಿಟ್ಟು ನನ್ನ ಪ್ರಯೋಗ ಕೆಡಿಸಿದ್ಲುರಿ, ಅಂದೆ. ಸರ್ ಸುದ್ದಾ ನಕ್ಕರು."

"ಮತ್ತ ಆರ್ಟ್ಸ್?"

"ಯಾವ ಆರ್ಟ್ಸ್?" ಅಂದಳು.

ಮನೆಗೆ ಬಂದರೆ ಹಿಂದಿನ ಓಣಿಯ ಹೆಣ್ಣುಮಗಳು ಜಂಪರಿಗಾಗಿ ಕಾಯುತ್ತಿದ್ದಳು. "ಆತೇನ್ರಿ ಆಯಿ, ನಂದು?" ಅಂದಳು.

"ಮೊದಲ ಕೂಡ್ರವ್ವಾ. ಒಂದು ಮಾತು ಹೇಳ್ತೀನಿ."

ಹುಮನಾಬಾದಿನ ಕಾಲೇಜಿನಲ್ಲಿ ಅಷ್ಟು ಮಕ್ಕಳ ಮುಂದೆ ನನ್ನ ಸುದ್ದಿ ಬಂದಿದೆ. ಜಂಪರು ನಾಳೆಯೂ ಹೊಲಿಯಬಹುದು.